ಧನ, ಋಣ ಮತ್ತು ಒಂದು ಖಾಲಿ ಜಾಗ

ಅಪ್ಪ ತೀರಿಕೊಂಡ ಮೂರನೇ ತಿಂಗಳು ಅಂಗಡಿಯ ಉದ್ರಿ ಪುಸ್ತಕ ಬಿಚ್ಚಿಕೊಂಡು ಕೂತೆ. ಕಿರಾಣಿ ಅಂಗಡಿ ಮುಚ್ಚುವುದೆಂದು ತೀರ್ಮಾನವಾಗಿತ್ತು. “ಎಷ್ಟು ಅನ್ನೂದು ಆಮ್ಯಾಲೆ ನೋಡೂಣು. ಯಾರು ಕೊಡಬೇಕು, ಯಾರಿಗೆ ನಾವು ಕೊಡಬೇಕು, ಅಷ್ಟ ಹೇಳಪಾ” ಅಂದಳು ಅವ್ವ.

ನಾನು ಜಾವಾಸ್ಕ್ರಿಪ್ಟ್ ಬರೆದು ಹೊಟ್ಟೆ ಹೊರೆಯುವವನು. ಅವ್ವ ಕೇಳಿದ್ದಷ್ಟನ್ನೇ ಹೇಳುವ ಫಂಕ್ಷನ್ ಒಂದು 2015ರಿಂದ ಆ ಭಾಷೆಯೊಳಗೇ ಇದೆ: ಮ್ಯಾಥ್ ಡಾಟ್ ಸೈನ್. ತ್ರಿಕೋನಮಿತಿಯ ಸೈನ್ ಅಲ್ಲ, ಚಿಹ್ನೆಯ ಸೈನ್. ಸಂಖ್ಯೆ ಧನವಾಗಿದ್ದರೆ 1, ಋಣವಾಗಿದ್ದರೆ -1, ಸೊನ್ನೆಯಾಗಿದ್ದರೆ 0. ಐವತ್ತು ರೂಪಾಯಿಯ ಬಾಕಿಗೂ ಐವತ್ತು ಸಾವಿರದ ಬಾಕಿಗೂ ಅದರ ಉತ್ತರ ಒಂದೇ. ಮೊತ್ತದ ಗೊಡವೆ ಅದಕ್ಕಿಲ್ಲ.

ಈ ವಿಂಗಡಣೆ ಹಳೆಯದು. ಬ್ರಹ್ಮಗುಪ್ತ 628ರಲ್ಲಿ ‘ಬ್ರಾಹ್ಮಸ್ಫುಟಸಿದ್ಧಾಂತ’ ಬರೆದಾಗ ಧನ, ಋಣ, ಶೂನ್ಯಗಳನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಕೊಟ್ಟ. ಧನವೆಂದರೆ ಸಂಪತ್ತು, ಋಣವೆಂದರೆ ಸಾಲ. ನಮ್ಮ ಶಾಲೆಯ ಗಣಿತದಲ್ಲಿ ಈಗಲೂ ಅವೇ ಪದಗಳು. ಆದರೆ ಕನ್ನಡದಲ್ಲಿ ಋಣ ಬರೀ ಸಾಲವಲ್ಲ. ಅನ್ನದ ಋಣ, ಮಣ್ಣಿನ ಋಣ ಅನ್ನುತ್ತೇವೆ. ಅಲ್ಲಿ ಮೊತ್ತವೇ ಇರುವುದಿಲ್ಲ.

ಪುಸ್ತಕವನ್ನೆಲ್ಲ ಟೈಪ್ ಮಾಡಿ ಪ್ರೋಗ್ರಾಮ್ ಓಡಿಸಿದೆ. ಒಂದು ಹೆಸರಿನ ಮುಂದೆ 0 ಬಂತು. ಚುಕ್ತಾ ಅಂದುಕೊಂಡೆ. ಆದರೂ ಯಾಕೋ ಪುಸ್ತಕ ತಿರುವಿದರೆ, ಆ ಹೆಸರು ಪ್ರತಿ ತಿಂಗಳೂ ಇದೆ, ಮೊತ್ತದ ಜಾಗ ಮಾತ್ರ ಖಾಲಿ. ಖಾಲಿ ಪಠ್ಯ ಕೊಟ್ಟರೆ ಈ ಫಂಕ್ಷನ್ ಅದನ್ನು ಮೊದಲು ಸಂಖ್ಯೆಯಾಗಿಸಿಕೊಳ್ಳುತ್ತದೆ, ಖಾಲಿಯನ್ನು ಸೊನ್ನೆಯೆಂದೇ ಎಣಿಸುತ್ತದೆ. ಅಲ್ಲಿ ಒಂದು ಅಕ್ಷರವಾದರೂ ಇದ್ದಿದ್ದರೆ ‘ಸಂಖ್ಯೆಯಲ್ಲ’ ಎಂಬ ಅರ್ಥದ ನ್ಯಾನ್ ಬಂದು ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಅವ್ವನನ್ನು ಕೇಳಿದೆ. “ಅವರು ಬಿದ್ದು ಸೊಂಟ ಮುರ್ಕೊಂಡಾಗಿಂದ ನಿಮ್ಮಪ್ಪಾರು ಸಾಮಾನು ಕಳಸ್ತಿದ್ರು. ರೊಕ್ಕ ಬರೀತಿರಲಿಲ್ಲ.”

“ಮತ್ತ ಹೆಸರು ಯಾಕ?”

“ಕಳಸೂದು ಮರೀಬಾರದಂತ.” ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ನಿನ್ನ ಕಾಲೇಜ್ ಫೀಸ್ ಕಡಿಮಿ ಬಿದ್ದಾಗ ರೊಕ್ಕ ತಂದು ಕೊಟ್ಟವರು ಅವರ. ಅದನ್ನ ಅವರೂ ಎಲ್ಲೂ ಬರದಿಲ್ಲ.”

ಅಪ್ಪ ಬಿಟ್ಟುಕೊಟ್ಟ ಬಾಕಿ ಅದು ಅಂದುಕೊಂಡಿದ್ದೆ. ನಿಜಕ್ಕೂ ಅದು ನಾವು ತೀರಿಸಬೇಕಾದದ್ದು, ಅದೂ ನನ್ನ ಹೆಸರಿನಲ್ಲಿ.

ಕೋಡಿಗೆ ಒಂದು ಸಾಲು ಸೇರಿಸಿದೆ: ಮೊತ್ತ ಖಾಲಿಯಿದ್ದರೆ ಚಿಹ್ನೆ ಕೇಳದೆ ಬೇರೆ ಇಡು. ಮರುದಿನ ಅಕ್ಕಿ, ಬೇಳೆ, ಎಣ್ಣೆ ಕಟ್ಟಿಕೊಂಡು ಆ ಮನೆಗೆ ನಾನೇ ಹೋದೆ. ಬಂದವನು ಪುಸ್ತಕದಲ್ಲಿ ಆ ತಿಂಗಳ ಹೆಸರು ಬರೆದು, ಮುಂದಿನ ಜಾಗ ಹಾಗೇ ಬಿಟ್ಟೆ.