ಮೈಸೂರಿನಲ್ಲಿ ಬೇಸಗೆಯ ಪಾಠ

1876ರಲ್ಲಿ ಸ್ಥಾಪಿತವಾದ ಮಹಾರಾಜ ಸಂಸ್ಕೃತ ಪಾಠಶಾಲೆಗೆ ರಜೆಯಾದರೂ ಮೈಸೂರಿನ ನಮ್ಮ ಜಗುಲಿಗೆ ರಜೆಯಿಲ್ಲ. ಬಿಸಿಲೇರುವ ಮುನ್ನವೇ ಶಿಷ್ಯನು ಮನೆಮನೆಗೆ ವೃತ್ತಪತ್ರಿಕೆಗಳನ್ನು ಹಂಚಿ, ಸೈಕಲ್ಲನ್ನು ಗೋಡೆಗೊರಗಿಸಿ, ಬೆವರೊರೆಸಿಕೊಂಡು ಕುಳಿತುಕೊಳ್ಳುವನು. ಮೊದಲು ನೀರುಮಜ್ಜಿಗೆ, ಆಮೇಲೆ ವರದರಾಜನ ಲಘುಕೌಮುದಿ. ಹೊಟ್ಟೆ ತಣ್ಣಗಾಗದೆ ಸೂತ್ರವು ತಲೆಗೆ ಹತ್ತದೆಂಬುದು ನಮ್ಮ ಮತ. ಗ್ರೀಷ್ಮಕ್ಕೆ ಅಮರಸಿಂಹನು ನಿದಾಘ, ಊಷ್ಮಕ ಮೊದಲಾದ ಹೆಸರುಗಳನ್ನಿತ್ತಿರುವನೆಂದರೆ, “ಹೆಸರು ಹೆಚ್ಚಿದಷ್ಟೂ ಸೆಕೆಯೂ ಹೆಚ್ಚೇನೋ, ಮೇಷ್ಟ್ರೇ” ಎಂದು ನಗುವನು. ಸಂಜೆ ಮುಮ್ಮಡಿ ಕೃಷ್ಣರಾಜರ ಕಾಲದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತ ಬೆಳಗಿನ ಪಾಠವನ್ನು ಒಪ್ಪಿಸುವನು. ತಿಙಂತ ಮುಗಿದಿದೆ, ಸಮಾಸ ಉಳಿದಿದೆ. ಜ್ಯೇಷ್ಠದಲ್ಲಿ ಅವನನ್ನು ಬೆಂಗಳೂರಿನ ಅಂಗಡಿಯೊಂದರ ಲೆಕ್ಕ ಬರೆಯಲು ಕಳುಹಿಸುವುದಾಗಿ ತಂದೆಯವರು ಹೇಳಿರುವರು. ಆ ಮನೆಯ ಸಾಲ ನಮಗೂ ತಿಳಿದುದೇ. ಆದಕಾರಣ ನಿನ್ನೆಯಿಂದ ಕೆರೆಯ ಏರಿಯ ಮೇಲೆಯೂ ಹೊಸ ಪಾಠವೇ ನಡೆದಿದೆ.