ಹಳಿಯನ್ನು ಓರೆಯಾಗಿ ದಾಟುವ ವಿದ್ಯೆ

ಠಾಣೆಯ ಘೋಡಬಂದರ್ ರಸ್ತೆಯಲ್ಲಿ ಮನೆ ಮಾಡಿಕೊಂಡಿರುವ ನನ್ನ ತಮ್ಮನ ಮಗನು ಈಚೆಗೆ ತನ್ನ ಕಾರಿನ ಮುಂಭಾಗದ ಜಂಪರುಗಳೆಂಬ ಶಾಕ್ ಅಬ್ಸಾರ್ಬರುಗಳನ್ನೂ ಕೆಳಗಿನ ಆರ್ಮುಗಳನ್ನೂ ಬದಲಿಸಿ, ಕೇಳಿದಷ್ಟು ಹಣವನ್ನು ತೆತ್ತು ಮನೆಗೆ ಮರಳುತ್ತಿರುವಾಗ, ಅದುವರೆಗೂ ಇಲ್ಲದಿದ್ದ ಖಟ್ ಖಟ್ ಎಂಬ ಸದ್ದೊಂದು ಚಕ್ರದ ಬಳಿಯಿಂದ ಏಳತೊಡಗಿತಂತೆ. ಮರುದಿನ ಹೋಗಿ ದೂರಿದರೆ, ವರ್ಕ್‌ಶಾಪಿನವರು ಗಾಡಿಗೆ ಕಂಪ್ಯೂಟರು ತಗುಲಿಸಿ ನೋಡಿ ದೋಷವೇನೂ ಇಲ್ಲವೆಂದರು. ಅವನು ಒಪ್ಪದಿರಲು, ಹಾಗಿದ್ದರೆ ಸ್ಟಿಯರಿಂಗ್ ರ‍್ಯಾಕನ್ನೇ ಬದಲಿಸೋಣವೆಂದರು. "ದೊಡ್ಡಪ್ಪ, ಎಲ್ಲ ಹೊಸ ಸಾಮಾನು ಹಾಕಿದ ಮೇಲೆ ಸದ್ದು ಎಲ್ಲಿಂದ ಬರ್ತದೆ?" ಎಂದು ಅವನು ನನ್ನನ್ನು ಕೇಳಿದನು. ಆ ಪ್ರಶ್ನೆಗೆ ಉತ್ತರ ಹೇಳಬಲ್ಲವರೊಬ್ಬರು ಹಿಂದೆ ಮುಂಬಯಿಯಲ್ಲಿದ್ದರು. ಅವರ ಕೈಕೆಳಗೆ ಲೆಕ್ಕ ಬರೆಯುವ ಭಾಗ್ಯ ನನ್ನದಾಗಿದ್ದಿತು.

ಮುಂಬಯಿಯಲ್ಲಿ ಟ್ರಾಮು ನಿಂತುದು 1964ರಲ್ಲಿ. ಅದಾದ ಸ್ವಲ್ಪ ಕಾಲಕ್ಕೆ ನಾನು ಊರಿನಿಂದ ಬಂದವನು, ಹಗಲು ಶಿವಡಿಯ ಒಂದು ಗಲ್ಲಿಯ ಗ್ಯಾರೇಜಿನಲ್ಲಿ ಜಮಾಖರ್ಚು ಬರೆದು ರಾತ್ರಿ ಶಾಲೆಗೆ ಹೋಗುತ್ತಿದ್ದೆ. ನಮ್ಮೂರ ಕಡೆಯವರು ಹೋಟೆಲು ಸೇರುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ಕುಂದಾಪುರ ಸೀಮೆಯ ಒಬ್ಬರು ಪಾನಾ ಹಿಡಿದು ಹೆಸರಾದುದೇ ಒಂದು ವಿಶೇಷ. ಅವರನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಸಹಿ ಮಾಡಬೇಕಾದ ಸಂದರ್ಭ ಬಂದಾಗ ಮಾತ್ರ ಅವರಿಗೆ ಬೇರೊಂದು ಹೆಸರುಂಟೆಂಬುದು ನಮಗೆ ನೆನಪಾಗುತ್ತಿದ್ದಿತು.

ಗ್ಯಾರೇಜಿಗೆ ಬರುತ್ತಿದ್ದವುಗಳಲ್ಲಿ ಬಹುಪಾಲು ಫಿಯೆಟ್ ಟ್ಯಾಕ್ಸಿಗಳು. ವಾಲಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಸಂಸ್ಥೆಯ ಕುರ್ಲಾ ಕಾರ್ಖಾನೆಯಿಂದ ಆಗತಾನೆ ಡಿಲೈಟ್ ಎಂಬ ಮಾದರಿ ಹೊರಬಿದ್ದಿದ್ದಿತು. ಅದೇ ಮುಂದೆ 1974ರಿಂದ ಪದ್ಮಿನಿಯಾಯಿತು. ಮುಂದಿನ ಚಕ್ರಗಳಿಗೆ ಸುರುಳಿ ಸ್ಪ್ರಿಂಗು, ಹಿಂದೆ ಕಮಾನು ಪಟ್ಟಿ. ಕಿಂಗ್‌ಪಿನ್ನಿಗೆ ಹೊತ್ತು ಹೊತ್ತಿಗೆ ಗ್ರೀಸು ತಪ್ಪಿದರೆ ಗಾಡಿ ಮುನಿಯುತ್ತಿದ್ದಿತು. ಮಂಗಳೂರಿನ ಜಾರ್ಜ್ ಫರ್ನಾಂಡಿಸರು ಟ್ಯಾಕ್ಸಿಯವರನ್ನು ಸಂಘಟಿಸಿ, 1967ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಧುರೀಣ ಎಸ್. ಕೆ. ಪಾಟೀಲರಂಥವರನ್ನೇ ಸೋಲಿಸಿದಾಗ, ಆ ಗೆಲುವಿನಲ್ಲಿ ತಮಗೂ ಪಾಲುಂಟೆಂಬಂತೆ ಚಾಲಕರು ನಮ್ಮ ಗ್ಯಾರೇಜಿನ ಬಾಗಿಲಲ್ಲಿ ನಿಂತು ಪೇಡಾ ಹಂಚಿದುದುಂಟು.

ಆ ಗ್ಯಾರೇಜಿನ ವಾಸನೆಯನ್ನು ನಾನು ಇಂದಿಗೂ ಮರೆಯಲಾರೆ. ಸೀಮೆಎಣ್ಣೆಯಲ್ಲಿ ತೊಳೆದ ಕಬ್ಬಿಣ, ಸುಟ್ಟು ಕಪ್ಪಾದ ಗ್ರೀಸು, ಇಳಿತದ ಹೊತ್ತಿನಲ್ಲಿ ಕಡಲ ಕಡೆಯಿಂದ ಬೀಸುವ ಕೆಸರಿನ ಗಾಳಿ, ಇವೆಲ್ಲದರ ಮೇಲೆ ತೇಲುವ ಸನ್‌ಲೈಟ್ ಸಾಬೂನಿನ ಪರಿಮಳ. ಸಾಬೂನು ಕೈ ತೊಳೆಯುವುದಕ್ಕಲ್ಲ. ಹೊಸ ರಬ್ಬರು ಬುಶ್ಶನ್ನು ಆರ್ಮಿನ ಕಣ್ಣಿಗೆ ಇಳಿಸುವಾಗ ಎಣ್ಣೆ ಹಚ್ಚಿದರೆ ರಬ್ಬರು ಉಬ್ಬಿ ಸಾಯುತ್ತದೆಂದು ಮೇಸ್ತ್ರಿ ಸಾಬೂನು ನೀರಿನ ಹೊರತು ಬೇರೇನನ್ನೂ ಮುಟ್ಟಗೊಡುತ್ತಿರಲಿಲ್ಲ.

ಒಮ್ಮೆ ಜೌನ್‌ಪುರ ಕಡೆಯ ಒಬ್ಬ ಚಾಲಕನು ಬೇರೆಡೆ ಬುಶ್ಶು, ಜಂಪರುಗಳನ್ನೆಲ್ಲ ಬದಲಿಸಿಕೊಂಡು, ನನ್ನ ತಮ್ಮನ ಮಗನು ಇಂದು ಹೇಳುವ ದೂರನ್ನೇ ಹೊತ್ತು ಬಂದನು. ಮೇಸ್ತ್ರಿ ಜ್ಯಾಕನ್ನು ಮುಟ್ಟಲಿಲ್ಲ. ಚಾಲಕನ ಪಕ್ಕದಲ್ಲಿ ಕುಳಿತು, ಪೋರ್ಟ್ ಟ್ರಸ್ಟಿನ ಸರಕು ರೈಲಿನ ಹಳಿಗಳು ಬೀದಿಯನ್ನು ಅಡ್ಡಹಾಯುವ ಕಡೆಗೆ ಗಾಡಿಯನ್ನು ಒಯ್ಯಿಸಿ, ಮೊದಲು ಹಳಿಯನ್ನು ನೇರವಾಗಿ ದಾಟೆಂದರು. ಆಮೇಲೆ ತಿರುಗಿಸಿಕೊಂಡು ಬಂದು ಓರೆಯಾಗಿ ದಾಟೆಂದರು. ನೇರವಾಗಿ ದಾಟಿದಾಗ ಎರಡು ಚಕ್ರಗಳೂ ಕೂಡಿ ಏಳುತ್ತವೆ, ಆಗ ಅವೆರಡನ್ನೂ ಕೂಡಿಸುವ ಸ್ಟೆಬಿಲೈಸರ್ ರಾಡು ತಿರುಚಿಕೊಳ್ಳದೆ ಸುಮ್ಮನೆ ಹೊರಳುತ್ತದೆ. ಓರೆಯಾಗಿ ದಾಟಿದಾಗ ಒಂದು ಎದ್ದು ಒಂದು ಉಳಿಯುವುದರಿಂದ ರಾಡು ತಿರುಚಿ, ಅದರ ಹಿಡಿಕೆ ಸಡಿಲವಿದ್ದರೆ ಅಲ್ಲಿಯೇ ಬಡಿಯುತ್ತದೆ. ಅಂದು ಸದ್ದು ಬಂದುದು ಓರೆಯಲ್ಲಿ ಮಾತ್ರ. ಹಿಂದಿರುಗಿ ಕೆಳಗೆ ಮಲಗಿ ನೋಡಿದರೆ, ಹಿಂದಿನ ಗ್ಯಾರೇಜಿನವರು ಎಲ್ಲವನ್ನೂ ಹೊಸದಾಗಿಸಿ ರಾಡಿನ ಸವೆದ ರಬ್ಬರನ್ನು ಮಾತ್ರ ಹಳೆಯದನ್ನೇ ಮರಳಿ ಕಟ್ಟಿದ್ದರು. ಗಟ್ಟಿಗಿತ್ತಿ ಸೊಸೆ ಬಂದ ಮೇಲೆ ಮನೆಯ ಉಳಿದವರ ಆಲಸ್ಯ ಬಯಲಾಗುವ ಹಾಗೆ, ಹೊಸ ಜಂಪರಿನ ಬಿಗುವಿನಿಂದಲೇ ಹಳೆಯ ಸಡಿಲ ಬಾಯಿಬಿಡುತ್ತದೆಂಬುದು ಮೇಸ್ತ್ರಿಯ ಸಿದ್ಧಾಂತ.

ಅಷ್ಟಕ್ಕೆ ಅವರು ಏಳಲಿಲ್ಲ. ಆರ್ಮಿನ ಬೋಲ್ಟನ್ನು ಬೆರಳಿನಿಂದ ಸವರಿ, "ಹ್ವಾಯ್, ಗಾಡಿ ನೆಲಕ್ಕೆ ಇಳಿಸದೆ ಬುಶ್ ಬಿಗಿ ಮಾಡಿದ್ದ್ ಯಾರ್ ಮಾರಾಯಾ?" ಎಂದು ಕೆಳಗಿನಿಂದಲೇ ಗುಡುಗಿದರು. ಜ್ಯಾಕಿನ ಮೇಲೆ ಗಾಡಿ ನಿಂತು ಚಕ್ರ ಜೋತಾಡುತ್ತಿರುವಾಗ ಬುಶ್ಶಿನ ಬೋಲ್ಟನ್ನು ಬಿಗಿದರೆ, ಗಾಡಿ ನೆಲ ಮುಟ್ಟಿದೊಡನೆ ಆರ್ಮು ಮೇಲೇರಿ, ಒಳಗಿನ ರಬ್ಬರು ಹುಟ್ಟಿನಿಂದಲೇ ತಿರುಚಿಕೊಂಡು ಬಹುಬೇಗ ಹರಿಯುತ್ತದೆ. ಆದುದರಿಂದ ಬೋಲ್ಟನ್ನು ಸಡಿಲಿಸಿ, ಗಾಡಿಯ ಭಾರವೆಲ್ಲ ಚಕ್ರದ ಮೇಲೆ ಬಿದ್ದ ಬಳಿಕ, ಬಟ್ಟೆ ಹೊಲಸಾಗುವುದನ್ನು ಲೆಕ್ಕಿಸದೆ ಇಕ್ಕಟ್ಟಿನಲ್ಲಿ ನುಸುಳಿ ಮತ್ತೆ ಬಿಗಿಯಬೇಕು. ಇಷ್ಟೇ ವಿದ್ಯೆ, ಆದರೆ ಇದಕ್ಕೆ ಬೆನ್ನು ನೋಯಬೇಕು.

ಆಮೇಲಿನ ಚೌಕಾಸಿಯೇ ನನಗೆ ಹೆಚ್ಚು ಪ್ರಿಯವಾದ ನೆನಪು. ಚೂರು ರಬ್ಬರಿನ ಹೊರತು ಸಾಮಾನೇ ಹಾಕದೆ ಹತ್ತು ರೂಪಾಯಿ ಕೇಳುವುದು ಅನ್ಯಾಯವೆಂದು ಚಾಲಕನು ಹಟ ಹಿಡಿದನು. ಐದನ್ನು ಕೊಡು, ಉಳಿದ ಐದಕ್ಕೆ ಆದಿತ್ಯವಾರ ನಮ್ಮ ಗ್ಯಾರೇಜಿನ ಹುಡುಗರಿಗೆ ಜುಹೂ ತೋರಿಸಿಕೊಂಡು ಬಾ ಎಂದರು ಮೇಸ್ತ್ರಿ. ಅವನು ಕೈಗೆ ಕೈ ತಟ್ಟಿ ಒಪ್ಪಿದನು. ಆದಿತ್ಯವಾರ ಹುಡುಗರೆಲ್ಲ ಹಿಂದಿನ ಸೀಟಿನಲ್ಲಿ ಒಬ್ಬರ ಮೇಲೊಬ್ಬರು ಕುಳಿತು ಕೂಗಾಡುತ್ತಿರಲು, ಮೇಸ್ತ್ರಿ ಮುಂದೆ ಕಣ್ಣು ಮುಚ್ಚಿ ಕುಳಿತು ಮಾಹೀಮ್ ಕಾಸ್‌ವೇಯುದ್ದಕ್ಕೂ ಗಾಡಿಯನ್ನು ಆಲಿಸುತ್ತಿದ್ದರು. ತುಂಬಿದ ಗಾಡಿಯಲ್ಲಿ ದೂರದ ಪರೀಕ್ಷೆಯೂ ಆಯಿತು, ಪೆಟ್ರೋಲು ಚಾಲಕನದಾಯಿತು.

ಇಷ್ಟು ಹೊಗಳಿದ ಮೇಲೆ ಉಳಿದುದನ್ನು ಮುಚ್ಚಿಡುವುದು ಧರ್ಮವಲ್ಲ. ಆ ಹುಡುಗರಿಗೆ ಊಟ, ಚಹಾ ಹೊರತು ಸಂಬಳವೆಂಬುದು ಹೆಸರಿಗೆ ಮಾತ್ರವಿದ್ದಿತು. ತಪ್ಪಿದರೆ ಮೇಸ್ತ್ರಿಯ ಕೈ ಬೆನ್ನಿನ ಮೇಲೆ ಬೀಳುತ್ತಿದ್ದಿತು. ಸ್ಪ್ರಿಂಗನ್ನು ಅದುಮಿ ಹಿಡಿಯುವ ಸಲಕರಣೆಯಿಲ್ಲದೆ ಸರಪಣಿ ಸುತ್ತಿ ಜ್ಯಾಕಿನಿಂದ ಇಳಿಸುತ್ತಿದ್ದ ಕಾಲ. ಸರಪಣಿ ಜಾರಿ ಒಬ್ಬ ಬಾಲಕನ ಬೆರಳ ತುದಿ ಹೋದುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅವನಿಗೆ ಪರಿಹಾರವೆಂದು ಲೆಕ್ಕದ ಪುಸ್ತಕದಲ್ಲಿ ನಾನು ಬರೆದ ಮೊತ್ತವನ್ನು ಇಲ್ಲಿ ಹೇಳಲು ನಾಚಿಕೆಯಾಗುತ್ತದೆ. ಗಾಡಿಗಳು ಪದೇ ಪದೇ ಕೆಡುತ್ತಿದ್ದುದರಿಂದಲೇ ಅಂಥ ಕಿವಿಗಳು ತಯಾರಾದುವೆಂಬುದೂ ಸತ್ಯ. ಇಂದಿನ ಕಾರಿಗೆ ಕಿಂಗ್‌ಪಿನ್ನಿಲ್ಲ, ಗ್ರೀಸಿನ ಗೋಳಿಲ್ಲ. ಮೇಸ್ತ್ರಿಯೂ ತಮ್ಮ ಮಗನನ್ನು ಗ್ಯಾರೇಜಿನ ಹೊಸ್ತಿಲು ತುಳಿಯಗೊಡದೆ ಬ್ಯಾಂಕಿನ ಕೆಲಸಕ್ಕೇ ಸೇರಿಸಿದರು.

ಇಪ್ಪತ್ತು ವರ್ಷದ ಆಯುರ್ಮಿತಿ ಮುಗಿದು, 2023ರ ಅಕ್ಟೋಬರ್ 30ರಿಂದ ಪದ್ಮಿನಿ ಟ್ಯಾಕ್ಸಿ ಮುಂಬಯಿಯ ಬೀದಿಯಿಂದ ಮರೆಯಾದಾಗ ಪತ್ರಿಕೆಗಳು ಚಿತ್ರಸಹಿತ ಕಣ್ಣೀರಿಟ್ಟುವು. ಅದನ್ನು ಬೀದಿಯಲ್ಲಿ ಉಳಿಸಿದ ಕೈಗಳ ಬಗ್ಗೆ ಒಂದು ಸಾಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಕುರ್ಲಾದ ಕಾರ್ಖಾನೆಯ ನೆಲದಲ್ಲಿ ಈಗ ವಸತಿಯ ಗೋಪುರಗಳೆದ್ದಿವೆ.

ತಮ್ಮನ ಮಗನಿಗೆ ನಾನು ಹೇಳಿದುದಿಷ್ಟು. ರಸ್ತೆಯುಬ್ಬನ್ನು ಒಮ್ಮೆ ನೇರವಾಗಿ, ಒಮ್ಮೆ ಓರೆಯಾಗಿ ದಾಟಿ ನೋಡು; ಓರೆಯಲ್ಲಿ ಮಾತ್ರ ಬಡಿದರೆ ಸ್ಟೆಬಿಲೈಸರಿನ ಲಿಂಕ್ ರಾಡನ್ನು ಸಂಶಯಿಸು. ಸದ್ದಿರುವಾಗ ಬ್ರೇಕನ್ನು ಮೆಲ್ಲನೆ ಒತ್ತು. ಸದ್ದು ನಿಂತುಹೋದರೆ ಕ್ಯಾಲಿಪರಿನ ಬೋಲ್ಟನ್ನು ನೋಡಿಸು. ನಿಂತಲ್ಲಿಯೇ ಸ್ಟಿಯರಿಂಗ್ ತಿರುಗಿಸಿದಾಗ ಟಣ್ ಎಂದರೆ, ಸ್ಪ್ರಿಂಗಿನ ತುದಿ ತನ್ನ ಗುಣಿಯಲ್ಲಿ ಕೂತಿಲ್ಲವೋ, ಜಂಪರಿನ ಮೇಲಿನ ಬೇರಿಂಗು ಕೆಟ್ಟಿದೆಯೋ ವಿಚಾರಿಸು. ಸಣ್ಣ ಸಣ್ಣ ಕುಳಿಗಳಲ್ಲಿ ಮಾತ್ರ ಗಲಗಲಿಸಿದರೆ ಜಂಪರಿನ ಮೇಲ್ತುದಿಯ ನಟ್ಟು ಸಡಿಲವಿದ್ದೀತು. ಕಂಪ್ಯೂಟರಿಗೆ ಇದು ಕಾಣದು. ಸಡಿಲ ಬೋಲ್ಟಿನಿಂದ ಅದಕ್ಕೆ ತಂತಿ ಎಳೆದಿಲ್ಲ.

ಆ ವರ್ಕ್‌ಶಾಪಿನ ಹುಡುಗರು ದಡ್ಡರೆಂದು ನಾನು ಭಾವಿಸುವುದಿಲ್ಲ. ಬದಲಿಸಿದ ಸಾಮಾನಿನ ಮೇಲೆ ಲಾಭವುಂಟು, ಹುಡುಕಿದ ಹೊತ್ತಿನ ಮೇಲಿಲ್ಲ; ಸಂಜೆಯೊಳಗೆ ಇಂತಿಷ್ಟು ಗಾಡಿ ಮುಗಿಯಲೇಬೇಕೆಂಬ ಆಜ್ಞೆ ತಲೆಯ ಮೇಲಿರುವಾಗ, ಗಿರಾಕಿಯ ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತು ಒಂದು ಸುತ್ತು ಬರುವವನನ್ನು ಯಾವ ಮ್ಯಾನೇಜರು ಸಹಿಸಿಯಾನು? ಮೇಸ್ತ್ರಿಯಂಥ ಕಿವಿಯುಳ್ಳವರು ಈಗಲೂ ಹುಟ್ಟುತ್ತಿರಬಹುದು. ಆ ಕಿವಿಗೆ ಸಂಬಳ ಕೊಡುವ ಧಣಿ ಮಾತ್ರ ಮುಂಬಯಿಯಲ್ಲಿ ನನಗೆ ಕಾಣಿಸುತ್ತಿಲ್ಲ.