ತೆಳ್ಳನೆಯ ಫೋನೂ ಷರಾಯಿಯ ಜೇಬೂ

ಸಂಸ್ಕೃತದಲ್ಲಿ ‘ತನು’ ಎಂಬ ಶಬ್ದಕ್ಕೆ ಶರೀರವೆಂಬುದು ಒಂದರ್ಥ, ತೆಳ್ಳಗಿರುವುದೆಂಬುದು ಮತ್ತೊಂದರ್ಥ. ಹಿಗ್ಗಿಸುವುದು, ಹರಡುವುದು ಎಂಬರ್ಥವುಳ್ಳ ಧಾತುವಿನಿಂದ ಈ ಶಬ್ದವು ಹುಟ್ಟಿತೆಂದು ನಾವು ಪಾಠಶಾಲೆಯಲ್ಲಿ ಕಲಿತೆವು. ಹಿಗ್ಗಿಸಿದ ವಸ್ತುವು ತೆಳ್ಳಗಾಗುವುದು ಸಹಜವೇ ಸರಿ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಈ ಶಬ್ದವನ್ನು ಬೋಧಿಸಿದ ನಮಗೆ ಅದರ ಅತ್ಯುತ್ತಮವಾದ ಉದಾಹರಣೆಯು ನಿವೃತ್ತರಾದ ಮೇಲೆ ದೊರೆಯಿತು. ಈಗಿನ ಗೃಹಸ್ಥರ ಜೇಬಿನಲ್ಲಿರುವ ಸ್ಮಾರ್ಟ್‌ಫೋನೇ ಆ ಉದಾಹರಣೆ.

2007ನೆಯ ಇಸವಿಯಲ್ಲಿ ಆಪಲ್ ಸಂಸ್ಥೆಯವರು ತಮ್ಮ ಮೊದಲನೆಯ ಐಫೋನನ್ನು ಹೊರತಂದಾಗ ಅದರ ದಪ್ಪವು 11.6 ಮಿಲಿಮೀಟರು, ಉದ್ದವು 115 ಮಿಲಿಮೀಟರು. 2014ರ ಸೆಪ್ಟೆಂಬರಿನಲ್ಲಿ ಅದೇ ಸಂಸ್ಥೆಯ ಐಫೋನ್ 6 ಪ್ಲಸ್ ಎಂಬುದು ಬಂದಿತು. ಅದರ ದಪ್ಪವು 7.1 ಮಿಲಿಮೀಟರಿಗೆ ಇಳಿದಿತ್ತು. ಉದ್ದವು 158 ಮಿಲಿಮೀಟರಿಗೆ ಏರಿತ್ತು. ಉದ್ದವಾಗುತ್ತಲೂ ತೆಳ್ಳಗಾಗುತ್ತಲೂ ಬಂದ ಈ ವಸ್ತುವು ಮಾರಾಟಕ್ಕೆ ಬಂದು ವಾರವಾಗುವುದರೊಳಗಾಗಿಯೇ, ಜೇಬಿನಲ್ಲಿಟ್ಟು ಕುಳಿತವರು ಕೆಲವರು ಎದ್ದು ನೋಡಲು ಅದು ಬಾಗಿದ್ದಿತೆಂಬ ದೂರು ಅಮೆರಿಕದಲ್ಲಿ ಎದ್ದಿತು. ಮೊದಲ ಆರು ದಿನಗಳಲ್ಲಿ ತಮಗೆ ಈ ವಿಷಯವಾಗಿ ದೂರಿತ್ತವರು ಒಂಬತ್ತು ಮಂದಿ ಮಾತ್ರವೆಂದೂ, ಸಾಧಾರಣವಾದ ಬಳಕೆಯಲ್ಲಿ ಫೋನು ಬಾಗುವುದು ಅತ್ಯಂತ ವಿರಳವೆಂದೂ ಸಂಸ್ಥೆಯವರು ಸಮಾಧಾನ ಹೇಳಿದರು.

ಜೇಬೆಂದರೆ ಜನರು ಮೆತ್ತನೆಯ ಸ್ಥಳವೆಂದು ಭಾವಿಸುವರು. ಆದರೆ ಬಿಗಿಯಾದ ಷರಾಯಿಯನ್ನು ತೊಟ್ಟು ಕುಳಿತವನ ಜೇಬು ಒಂದು ಸಣ್ಣ ಒತ್ತುಯಂತ್ರವೇ ಆಗಿದೆ. ತೊಡೆಯು ಕೆಳಗಿನಿಂದ ಉಬ್ಬಿ ಫೋನಿನ ನಡುವನ್ನು ಮೇಲಕ್ಕೆ ತಳ್ಳುವುದು; ಬಿಗಿದ ಬಟ್ಟೆಯು ಅದರ ಎರಡು ತುದಿಗಳನ್ನೂ ಕೆಳಕ್ಕೆ ಅದುಮುವುದು. ಕಬ್ಬನ್ನು ಮೊಣಕಾಲಿಗೆ ಆನಿಸಿ ಮುರಿಯುವವನು ಮಾಡುವುದೂ ಇದನ್ನೇ. ಹಿಂದಿನ ಜೇಬಾದರೆ ಕೇಳತಕ್ಕುದೇ ಇಲ್ಲ. ದೇಹದ ಭಾರವೆಲ್ಲವೂ ಅದರ ಮೇಲೆಯೇ ಬೀಳುವುದು. ನಮ್ಮ ಹಿರಿಯರ ಜೇಬುಗಡಿಯಾರವು ಹೀಗೆ ಬಾಗಲಿಲ್ಲವೇಕೆಂದರೆ, ಅದು ಗುಂಡಗೆ ಗಿಡ್ಡವಾಗಿದ್ದಿತು. ಬಾಗಿಸುವುದಕ್ಕೆ ಬೇಕಾದ ಉದ್ದವೇ ಅದರಲ್ಲಿರಲಿಲ್ಲ.

ದಪ್ಪವು ಕುಂದಿದರೆ ಬಲವು ಎಷ್ಟು ಕುಂದುವುದೆಂಬುದನ್ನು ಗೆಲಿಲಿಯೊ ಪಂಡಿತನು 1638ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವಿಚಾರಿಸಿರುವನು. ತೊಲೆಯ ಬಲವು ಅದರ ದಪ್ಪದ ವರ್ಗವನ್ನು ಅನುಸರಿಸುವುದೆಂಬುದು ಅವನು ಕಂಡ ನಿಯಮ. ಬಾಗದೆ ನಿಲ್ಲುವ ಬಿಗುಪಾದರೋ ದಪ್ಪದ ಘನವನ್ನು ಅನುಸರಿಸುವುದೆಂಬುದು ಆಮೇಲಿನವರು ಕಂಡ ನಿಯಮ. ಲೆಕ್ಕವು ಕಠಿಣವಾದುದಲ್ಲ. ಹತ್ತು ಮಿಲಿಮೀಟರಿನ ತಗಡನ್ನು ಏಳು ಮಿಲಿಮೀಟರಿಗೆ ಇಳಿಸಿದರೆ ಲೋಹದಲ್ಲಿ ಉಳಿತಾಯವಾಗುವುದು ನೂರಕ್ಕೆ ಮೂವತ್ತು ಪಾಲು ಮಾತ್ರ. ಬಲವು ಅರ್ಧಕ್ಕೂ, ಬಿಗುಪು ಮೂರನೆಯ ಒಂದಂಶಕ್ಕೂ ಇಳಿದುಹೋಗುವುವು. ಸಂಶಯವಿದ್ದವರು ಮನೆಯ ಮಕ್ಕಳ ಮರದ ಅಡಿಪಟ್ಟಿಯೊಂದನ್ನು ತೆಗೆದುಕೊಂಡು ಮೊದಲು ಅಂಗಾತವಾಗಿಯೂ ಅನಂತರ ಅಂಚಿನ ಮೇಲೆ ನಿಲ್ಲಿಸಿಯೂ ಬಾಗಿಸಿ ನೋಡಬಹುದು. ಒಂದೇ ಮರ, ಒಂದೇ ತೂಕ. ದಪ್ಪವು ಯಾವ ಕಡೆಗಿದೆಯೆಂಬುದರಿಂದಲೇ ಅಷ್ಟು ಅಂತರ. ನಮ್ಮ ಹಳ್ಳಿಯ ಬಡಗಿಗಳು ಜಂತೆಯನ್ನು ಅಂಚಿನ ಮೇಲೆ ನಿಲ್ಲಿಸುವುದು ಈ ಕಾರಣದಿಂದಲೇ.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರಿಗೆ ಸಂಸ್ಕಾರವು ವೇಗ, ಭಾವನೆ, ಸ್ಥಿತಿಸ್ಥಾಪಕ ಎಂದು ಮೂರು ವಿಧವಾಗಿದೆಯೆಂಬುದು ನೆನಪಿರಬಹುದು. ಸುತ್ತಿಟ್ಟ ಚಾಪೆಯನ್ನು ಹಾಸಿ ಬಿಟ್ಟರೆ ಮರಳಿ ಸುತ್ತಿಕೊಳ್ಳುವಂತೆ ಮಾಡುವ ಗುಣವೇ ಸ್ಥಿತಿಸ್ಥಾಪಕ. ಲೋಹದಲ್ಲಿಯೂ ಅದು ಉಂಟು. ಆದರೆ ಅದಕ್ಕೊಂದು ಮಿತಿಯುಂಟು. ಆ ಮಿತಿಯೊಳಗೆ ಬಾಗಿದ ಅಲ್ಯೂಮಿನಿಯಂ ಮರಳಿ ನೆಟ್ಟಗಾಗುವುದು. ಮಿತಿಯನ್ನು ದಾಟಿದರೆ ಬಾಗಿದಂತೆಯೇ ಉಳಿಯುವುದು. ಗುಂಡಿಗಳಿಗಾಗಿ ಅಂಚನ್ನು ಕೊರೆದ ಕಡೆ ಲೋಹವು ಕಡಿಮೆಯಾಗಿ ಆ ಮಿತಿಯು ಬೇಗನೆ ಒದಗುವುದು. 2014ರ ಫೋನುಗಳು ಬಾಗಿದುದೂ ಬಹುಮಟ್ಟಿಗೆ ಧ್ವನಿಯ ಗುಂಡಿಗಳ ಬಳಿಯಲ್ಲಿಯೇ.

ನ್ಯಾಯವಾಗಿ ಹೇಳತಕ್ಕ ಮಾತೊಂದಿದೆ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯವರು ಆಗಲೇ ಕೆಲವು ಫೋನುಗಳನ್ನು ಯಂತ್ರದಲ್ಲಿಟ್ಟು ಅದುಮಿಸಿ ಪರೀಕ್ಷಿಸಿದರು. ಐಫೋನ್ 6 ಎಂಬುದು 70 ಪೌಂಡಿನ ಒತ್ತಡಕ್ಕೂ, 6 ಪ್ಲಸ್ 90 ಪೌಂಡಿಗೂ, ಹಳೆಯ ಐಫೋನ್ 5 ಎಂಬುದು 130 ಪೌಂಡಿಗೂ, ಸ್ಯಾಮ್‌ಸಂಗಿನವರ ನೋಟ್ 3 ಎಂಬುದು 150 ಪೌಂಡಿಗೂ ರೂಪಗೆಟ್ಟವು. ಜನರು ಆಡಿಕೊಳ್ಳುವಷ್ಟು ದುರ್ಬಲವಲ್ಲವೆಂಬುದು ಪತ್ರಿಕೆಯವರ ಅಭಿಪ್ರಾಯ. ಆದರೂ ಹಳೆಯದಕ್ಕೂ ಹೊಸದಕ್ಕೂ ಇರುವ ಅಂತರವನ್ನು ವಾಚಕರು ಗಮನಿಸಬೇಕು. 2018ರಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯವೊಂದರ ವ್ಯಾಜ್ಯದಲ್ಲಿ ಬೇರೊಂದು ಸಂಗತಿಯು ಬೆಳಕಿಗೆ ಬಂದಿತು. ಹಿಂದಿನ 5ಎಸ್ ಫೋನಿಗಿಂತ ಐಫೋನ್ 6 ಬಾಗುವ ಸಂಭವವು 3.3 ಪಟ್ಟೆಂದೂ, 6 ಪ್ಲಸ್ ಬಾಗುವ ಸಂಭವವು 7.2 ಪಟ್ಟೆಂದೂ ಸಂಸ್ಥೆಯ ಒಳಗಿನ ಪರೀಕ್ಷೆಗಳೇ ಮಾರಾಟಕ್ಕೆ ಮುಂಚೆ ತೋರಿಸಿದ್ದುವಂತೆ. ಬಾಗುವಿಕೆಯಿಂದ ಒಳಗಿನ ಬೆಸುಗೆಗಳು ಬಿರಿದು ಪರದೆಯು ಸ್ಪರ್ಶಕ್ಕೆ ಓಗೊಡದಿರುವ ರೋಗವೂ 6 ಪ್ಲಸ್ ಫೋನುಗಳಲ್ಲಿ ಕಂಡಿದ್ದಿತು. ಗಟ್ಟಿನೆಲದ ಮೇಲೆ ಹಲವು ಬಾರಿ ಬಿದ್ದು ಆಮೇಲೆ ಒತ್ತಡಕ್ಕೆ ಸಿಕ್ಕಿದ್ದೇ ಇದರ ಕಾರಣವೆಂದು ಹೇಳಿ, 2016ರಲ್ಲಿ ಸಂಸ್ಥೆಯವರು 149 ಡಾಲರುಗಳಿಗೆ ಅದನ್ನು ಸರಿಪಡಿಸಿಕೊಡುವ ಏರ್ಪಾಡು ಮಾಡಿದರು.

ಇದು ಪರದೇಶದ ಕಥೆಯೆಂದು ನಾವು ಸುಮ್ಮನಿರುತ್ತಿದ್ದೆವು. ಆದರೆ ಬೇರೊಂದು ತಯಾರಕರ ಫೋನಿನಿಂದ ಈ ವಿಷಯವು ನಮ್ಮ ಮನೆಯ ಹೊಸ್ತಿಲಿಗೇ ಬಂದಿತು. ನಮ್ಮ ತಂಗಿಯ ಮಗನು ಬೆಂಗಳೂರಿನಲ್ಲಿ ದ್ವಿಚಕ್ರವಾಹನದ ಮೇಲೆ ಮನೆಮನೆಗೆ ಸಾಮಾನು ತಲಪಿಸುವ ಕೆಲಸದಲ್ಲಿರುವನು. ಯಾರ ಮನೆಗೆ ಹೋಗಬೇಕು, ಯಾವ ದಾರಿ, ಎಷ್ಟು ಹಣ, ಎಲ್ಲವೂ ಫೋನಿನಲ್ಲಿಯೇ. ಅದು ನಿಂತರೆ ಅವನ ಆ ದಿನದ ಅನ್ನವೂ ನಿಂತಂತೆ. ಕಂತಿನ ಮೇಲೆ ಕೊಂಡ ತೆಳ್ಳನೆಯ ಫೋನೊಂದು ಐದನೆಯ ತಿಂಗಳಲ್ಲಿ ನಡುವಿನಲ್ಲಿ ಕೊಂಚ ಡೊಂಕಾಯಿತು. ಮತ್ತೆ ಕೆಲವು ದಿನಗಳಿಗೆ ಪರದೆಯ ಕೆಳಭಾಗವು ಬೆರಳಿಗೆ ಓಗೊಡದೆ ಹೋಯಿತು. ರಿಪೇರಿಯ ಕೇಂದ್ರದವರು ಅದನ್ನು ಮೇಜಿನ ಮೇಲಿಟ್ಟು ನೋಡಿ, ಇದು ಬಳಸಿದವರ ತಪ್ಪು, ಜೇಬಿನಲ್ಲಿಟ್ಟು ಕುಳಿತಿದ್ದೀರಿ, ವಾರಂಟಿ ಸಲ್ಲದು, ಎಂದು ಒಂಬತ್ತು ಸಾವಿರ ರೂಪಾಯಿಗಳ ಲೆಕ್ಕವನ್ನು ಬರೆದುಕೊಟ್ಟರಂತೆ. ಇನ್ನೂ ಏಳು ಕಂತುಗಳು ಉಳಿದಿದ್ದುವು. ಆ ಭಾನುವಾರ ನಮ್ಮಲ್ಲಿಗೆ ಬಂದವನು ಊಟಕ್ಕೆ ಕುಳಿತು ಕೈ ಕಲಸುತ್ತಲೇ, “ಮಾವ, ಜೇಬಿನಲ್ಲಿ ಇಡಬಾರದು ಅಂದರೆ ಇನ್ನೆಲ್ಲಿ ಇಡಲಿ? ತಲೆಯ ಮೇಲೆ ಹೊತ್ತುಕೊಳ್ಳಲೇ?” ಎಂದನು. ನಮ್ಮ ತಂಗಿಯು ಕಣ್ಣೊರೆಸಿಕೊಂಡಳು. ನಮ್ಮ ಯಾವ ಶಾಸ್ತ್ರದಲ್ಲಿಯೂ ಅವನ ಪ್ರಶ್ನೆಗೆ ಉತ್ತರವಿರಲಿಲ್ಲ.

ಆ ಪ್ರಶ್ನೆಯಲ್ಲಿಯೇ ಈ ವಿಷಯದ ತಿರುಳಿದೆಯೆಂದು ನಮ್ಮ ಭಾವನೆ. ಕೊಡೆಯು ಮಳೆಯಲ್ಲಿ ಹರಿದರೆ ಹಿಡಿದವನ ತಪ್ಪೆಂದು ಯಾರೂ ಹೇಳರು. ಜೇಬಿಗಾಗಿಯೇ ಮಾಡಿದ ವಸ್ತುವು ಜೇಬನ್ನು ತಾಳತಕ್ಕುದು ಅದರ ಧರ್ಮ. ತೆಳ್ಳಗಿದೆಯಾದ್ದರಿಂದ ಜೇಬಿಗೆ ಹಗುರವೆಂದು ಹೊಗಳಿ ಮಾರುವವರೇ, ಕೆಟ್ಟಮೇಲೆ ಜೇಬಿನಲ್ಲಿಟ್ಟುದೇ ಅಪರಾಧವೆನ್ನುವುದು ಯಾವ ನ್ಯಾಯ?

ಕೊಳ್ಳುವವರಾದ ನಮ್ಮ ಪಾಲೂ ಇದರಲ್ಲಿ ಇಲ್ಲದಿಲ್ಲ. ನಮ್ಮ ಮನೆಯವರು ತಾಮ್ರದ ಹಂಡೆಯನ್ನು ಕೊಳ್ಳುವಾಗ ಎತ್ತಿ ತೂಗಿ, ತಳವನ್ನು ಬೆರಳಿನಿಂದ ಬಡಿದು, ಗಟ್ಟಿಯಾದುದಕ್ಕೆ ಹೆಚ್ಚು ಹಣವನ್ನು ಕೊಡುವರು. ತೆಳುವಾದ ಪಾತ್ರೆಯು ತಗ್ಗುಬೀಳುವುದೆಂದೂ, ಅಡಿಹತ್ತುವುದೆಂದೂ ಎಲ್ಲ ಗೃಹಿಣಿಯರೂ ಬಲ್ಲರು. ಫೋನಿನ ಅಂಗಡಿಯಲ್ಲಾದರೋ ಈ ವಿವೇಕವೆಲ್ಲ ತಲೆಕೆಳಗಾಗುವುದು. ಸ್ಯಾಮ್‌ಸಂಗಿನವರು 2025ರಲ್ಲಿ ಹೊರತಂದ ಎಸ್25 ಎಡ್ಜ್ ಎಂಬುದರ ದಪ್ಪವು 5.8 ಮಿಲಿಮೀಟರು. ಅಷ್ಟೇ ಅಗಲದ ಪರದೆಯುಳ್ಳ ಅವರ ಎಸ್25 ಪ್ಲಸ್ ಎಂಬುದು 7.3 ಮಿಲಿಮೀಟರು. ಒಂದೂವರೆ ಮಿಲಿಮೀಟರು ಕಡಿಮೆಯಾದುದಕ್ಕೆ ಬ್ಯಾಟರಿಯು 4,900ರಿಂದ 3,900 ಮಿಲಿಆಂಪಿಯರ್ ಗಂಟೆಗಳಿಗೆ ಇಳಿಯಿತು. ಆದರೆ ಬೆಲೆಯು ಏರಿತು. ಹೀಗೆ ಹೆಚ್ಚು ಹಣ ತೆತ್ತು ಕೊಂಡ ತೆಳುವನ್ನು ಮನೆಗೆ ತಂದವನು ಮೊದಲು ಮಾಡುವ ಕೆಲಸವೆಂದರೆ, ಒಡೆದೀತೆಂಬ ಭಯದಿಂದ ಅದಕ್ಕೊಂದು ದಪ್ಪನೆಯ ಬ್ಯಾಕ್ ಕವರನ್ನು ತೊಡಿಸುವುದು!

ತೆಳುವೂ ಬಲವೂ ಎಂದೆಂದಿಗೂ ಕೂಡಿರಲಾರವೆಂದು ನಾವು ಹೇಳುವುದಿಲ್ಲ. 2015ರಲ್ಲಿ ಆಪಲಿನವರು ಸತುವು ಸೇರಿದ, ಇನ್ನೂ ಗಟ್ಟಿಯಾದ ಅಲ್ಯೂಮಿನಿಯಂ ಮಿಶ್ರಲೋಹವನ್ನು ಬಳಸಿದರು. 2025ರ ಐಫೋನ್ ಏರ್ 5.6 ಮಿಲಿಮೀಟರಿನದಾದರೂ ಅದರ ಚೌಕಟ್ಟು ಟೈಟಾನಿಯಂ ಲೋಹದ್ದು. ಯಂತ್ರಾಂಗಗಳನ್ನು ಬಹುಮಟ್ಟಿಗೆ ಮೇಲಿನ ಉಬ್ಬಿನಲ್ಲಿಯೇ ಸೇರಿಸಿದ್ದಾರೆ. ತೆಗೆದ ದಪ್ಪಕ್ಕೆ ಬದಲಾಗಿ ಲೋಹವನ್ನೋ ಬುದ್ಧಿಯನ್ನೋ ತುಂಬಿಕೊಟ್ಟರೆ ತೆಳುವೂ ಬಾಳೀತು. ಹಾಗೆ ತುಂಬಿಕೊಡದೆ ತೆಳುವನ್ನು ಮಾತ್ರ ಮಾರುವುದು ಕೊಂಡವನ ಮೇಲೆ ಸಾಲವನ್ನು ಹೊರಿಸಿದಂತೆಯೇ.

ವಾಚಕರಿಗೆ ಉಪಯೋಗವಾಗಬಹುದಾದ ನಾಲ್ಕು ಮಾತುಗಳನ್ನು ಬರೆಯುವೆವು. ಹಿಂದಿನ ಜೇಬಿನಲ್ಲಿ ಫೋನನ್ನು ಇಡಲೇಬಾರದು. ಮುಂದಿನ ಜೇಬಿನಿಂದಲೂ ಕುಳಿತುಕೊಳ್ಳುವುದಕ್ಕೆ ಮುಂಚೆ ತೆಗೆಯುವುದು ಒಳ್ಳೆಯದು. ತಿಂಗಳಿಗೊಮ್ಮೆ ಕವರನ್ನು ಬಿಚ್ಚಿ, ಪರದೆಯನ್ನು ಕೆಳಗೆಮಾಡಿ ಸಮನಾದ ಗಾಜಿನ ಮೇಲಿಟ್ಟು, ಮೂಲೆಗಳನ್ನು ಮೆಲ್ಲಗೆ ಒತ್ತಿ ಅಲುಗುವುದೋ ಎಂದು ನೋಡಬೇಕು. ಬಾಗಿದ ಫೋನನ್ನು ಮೊಣಕಾಲಿಗೆ ಆನಿಸಿ ನೆಟ್ಟಗೆ ಮಾಡುವ ಸಾಹಸವು ಸರ್ವಥಾ ಕೂಡದು. ಒಳಗಿನ ಲಿಥಿಯಂ ಬ್ಯಾಟರಿಯ ಎರಡು ಧ್ರುವಗಳನ್ನು ಬೇರ್ಪಡಿಸುವುದು ಅತಿ ತೆಳ್ಳನೆಯ ಪೊರೆ. ಅದು ಹರಿದರೆ ಬೆಂಕಿ ಹೊತ್ತಬಹುದು. ಬೆನ್ನು ಉಬ್ಬಿದ್ದರೆ ಆಗಲೇ ಚಾರ್ಜು ಮಾಡುವುದನ್ನು ನಿಲ್ಲಿಸಿ ಬಲ್ಲವರಿಗೆ ತೋರಿಸತಕ್ಕದ್ದು. ವಾರಂಟಿಯನ್ನು ನಿರಾಕರಿಸಿದವರಿಂದ ಕಾರಣವನ್ನು ಬರಹದಲ್ಲಿಯೇ ಕೇಳಿ ಪಡೆಯಬೇಕು. 2019ರ ಗ್ರಾಹಕ ರಕ್ಷಣಾ ಕಾಯಿದೆಯ ಮೇರೆಗೆ ವಸ್ತುವಿನ ದೋಷಕ್ಕಾಗಿ ಜಿಲ್ಲಾ ಆಯೋಗದಲ್ಲಿ ದೂರನ್ನು ಕೊಡುವುದಕ್ಕೆ ವಕೀಲರೇ ಬೇಕೆಂಬ ನಿರ್ಬಂಧವಿಲ್ಲ.

ನಮ್ಮ ಅಳಿಯನು ಈಗ ಅಂಗೈಯಲ್ಲಿ ಹಿಡಿದರೆ ತುಂಬಿಕೊಳ್ಳುವಂಥ, ದಪ್ಪನೆಯ, ಕಡಿಮೆ ಬೆಲೆಯ ಫೋನೊಂದನ್ನು ಇಟ್ಟುಕೊಂಡಿದ್ದಾನೆ. ಹಳೆಯದರ ಕಂತುಗಳನ್ನೂ ಕಟ್ಟುತ್ತಿದ್ದಾನೆ. ಗೆಳೆಯರು ಅವನನ್ನು ಹಾಸ್ಯಮಾಡುವರಂತೆ. ಮಾಡಲಿ. ದುಡಿಯುವವನ ಜೊತೆಯಲ್ಲಿ ದುಡಿಯತಕ್ಕ ಸಾಮಾನಿಗೆ ಸ್ವಲ್ಪ ಮೈಯಿದ್ದರೆ ತಪ್ಪೇನು? ಮುಂದಿನ ಸಲ ಅಂಗಡಿಗೆ ಹೋದಾಗ, ಇದು ಎಷ್ಟು ತೆಳ್ಳಗಿದೆ ಎಂದು ಕೇಳುವುದನ್ನು ಬಿಟ್ಟು, ಇದು ಎಷ್ಟು ವರ್ಷ ಬಾಳುವುದು ಎಂದು ಕೇಳೋಣ. ಕೇಳುವವರು ಹೆಚ್ಚಾದರೆ ಮಾಡುವವರೂ ಆ ಪ್ರಶ್ನೆಗೆ ಉತ್ತರವನ್ನು ಸಿದ್ಧಮಾಡಿಕೊಂಡಾರು.